ಗಾಳಿಗೆ ಎದೆ ಕೊಡೋರು ಯಾರು? ಕಲಾದಗಿ ರಸ್ತೆಯ ಸೈಕಲ್ ಮಂದಿ

ಕಲಾದಗಿಯಿಂದ ಮಾತಾಡಾಕತ್ತೀನಿ. ನಮ್ಮೂರ ಹೆಸರು ಹೇಳಿದ್ರೆ ಮಂದಿಗೆ ಮೊದಲು ನೆನಪಾಗೋದು ಚಿಕ್ಕು, ದಾಳಿಂಬೆ. ಇತಿಹಾಸ ಓದಿದವರಾದ್ರೆ, ಬ್ರಿಟಿಷರ ಕಾಲದಲ್ಲಿ ಇದು ಜಿಲ್ಲಾ ಕೇಂದ್ರ ಆಗಿತ್ತು, 1885ರಲ್ಲಿ ಆ ಪಟ್ಟ ವಿಜಯಪುರಕ್ಕೆ ಹೋಯ್ತು ಅಂತಾರೆ. ಇವತ್ತು ನಾನು ಹೇಳಬೇಕಂತಿರೋದು ಊರ ಮುಂದಿನ ರಸ್ತೆಯ ಸುದ್ದಿ. ಬೆಳಗ್ಗೆ ಇನ್ನೂ ಹೊತ್ತು ಮೂಡೋದರೊಳಗೆ ಆ ರಸ್ತೆ ಮ್ಯಾಲೆ ಸರ್ರಂತ ಒಂದು ಸಪ್ಪಳ ಬರ್ತದ. ಎಂಟು-ಹತ್ತು ಸೈಕಲ್, ಒಂದರ ಹಿಂದೆ ಒಂದು, ಗಾಲಿಗೂ ಗಾಲಿಗೂ ನಡುವೆ ಒಂದು ಗೇಣು. ಚಾದಂಗಡಿ ಬೆಂಚಿನ ಮ್ಯಾಲೆ ಕುಂತೋರು ತಿರುಗಿ ನೋಡೋದರಾಗ ಆ ಸಾಲು ಮುಂದೆ ಹೋಗಿರ್ತದ.

ಇವರು ಯಾರು? ಬೆಂಗಳೂರಿನ ಗೆಳೆಯರಿಗೆ ಹೇಳಿದ್ರೆ ಅವರು ಅಂದುಕೊಳ್ಳೋದೇ ಬ್ಯಾರೆ. ಅಲ್ಲಿ ರೋಡ್ ಸೈಕ್ಲಿಂಗ್ ಅಂದ್ರೆ ಭಾನುವಾರ, ನಂದಿ ಬೆಟ್ಟ, ಆಮೇಲೆ ದೋಸೆ. ಅದೂ ಒಳ್ಳೇದೇ, ತಪ್ಪೇನಿಲ್ಲ. ನಮ್ಮ ಕಡೆ ಇದು ರೈತರ ಮಕ್ಕಳ ಆಟ. ವಿಜಯಪುರ, ಬಾಗಲಕೋಟೆ, ಗದಗದಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿ ನಿಲಯಗಳಿವೆ. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆ ಇದೆ. ಹೈಸ್ಕೂಲು ವಯಸ್ಸಿನ ಮಕ್ಕಳು ಆಯ್ಕೆಯಾಗಿ ಹಾಸ್ಟೆಲ್ ಸೇರ್ತಾರೆ. ಮೈಸೂರು ದಸರಾ ಕ್ರೀಡಾಕೂಟದ ಸೈಕ್ಲಿಂಗ್ ಫಲಿತಾಂಶ ತೆಗೆದು ನೋಡ್ರಿ, ವಿಜಯಪುರ, ಬಾಗಲಕೋಟೆ ಹೆಸರು ಕಾಣದೇ ಇರೋದು ಅಪರೂಪ. ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಶಿಪ್ಪೇ ನಮ್ಮ ಜಮಖಂಡಿಗೆ ಬಂದಿತ್ತು, 2024ರ ಜನವರಿಯಲ್ಲಿ ವಿಜಯಪುರಕ್ಕೂ ಬಂತು. ದೇಶದ ನಾನಾ ಕಡೆಯಿಂದ ಬಂದ ಸ್ಪರ್ಧಿಗಳು ನಮ್ಮ ಬಿಸಿಲು, ನಮ್ಮ ಗಾಳಿ ಎರಡರ ರುಚಿನೂ ನೋಡಿ ಹೋದ್ರು.

ಗಾಳಿ ಅಂದೆ ನೋಡ್ರಿ, ಅಲ್ಲೇ ಈ ಆಟದ ಗುಟ್ಟು ಇರೋದು. ಸೈಕಲ್ ಜೋರಾದಂಗೆಲ್ಲ ಗಾಳಿ ಹಿಂದಕ್ಕೆ ತಳ್ಳೋದು ಜಾಸ್ತಿ ಆಗ್ತದ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸವಾರನ ಶಕ್ತಿಯ ಬಹುಪಾಲು ಬರೀ ಗಾಳಿ ಸೀಳೋದಕ್ಕೇ ಖರ್ಚು. ಮುಂದಿನವನ ಬೆನ್ನಿಗೆ ಅಂಟಿಕೊಂಡಂಗೆ ಹೋದ್ರೆ ಹಿಂದಿನವನಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳೀತದ. ಇದಕ್ಕೆ ಡ್ರಾಫ್ಟಿಂಗ್ ಅಂತಾರೆ. ಹಂಗಂತ ಒಬ್ಬನೇ ಎಷ್ಟೊತ್ತು ಮುಂದಿರ್ತಾನೆ? ಸ್ವಲ್ಪ ದೂರ ಎಳೆದು ಪಕ್ಕಕ್ಕೆ ಸರೀತಾನೆ, ಸಾಲಿನ ಹಿಂದಕ್ಕೆ ಹೋಗಿ ಸೇರ್ಕೋತಾನೆ. ಎರಡನೆಯವನು ಮುಂದೆ ಬರ್ತಾನೆ. ಹಿಂಗೇ ಸರದಿ ತಿರುಗ್ತಾ ಇರ್ತದ.

ಬಾಗಲಕೋಟೆಯಿಂದ ಗದ್ದನಕೇರಿ ಕ್ರಾಸ್ ದಾಟಿ, ತುಳಸಿಗೇರಿ ಹನುಮಪ್ಪಗ ಒಂದು ಕೈ ಮುಗಿದು, ಕಲಾದಗಿ, ಲೋಕಾಪುರದ ಕಡೆ ಬರೋದು ಅಂದ್ರೆ ಪಶ್ಚಿಮಕ್ಕೆ ಬರೋದು. ಆಷಾಢದಾಗ ಗಾಳಿ ಬೀಸೋದೂ ಪಶ್ಚಿಮದಿಂದಾನೇ. ಬರುವಾಗ ಗಾಳಿ ಎದಿಗೆ, ಹೋಗುವಾಗ ಬೆನ್ನಿಗೆ. ಆ ದಿನಗಳಲ್ಲಿ ಈ ರಸ್ತೆ ಮ್ಯಾಲೆ ಒಬ್ಬನೇ ಸೈಕಲ್ ತುಳಿದು ನೋಡ್ರಿ, ಗೋಡೆಗೆ ಹಣೆ ಹಚ್ಚಿ ತಳ್ಳಿದಂಗ ಆಗ್ತದ. ಹತ್ತು ಮಂದಿ ಸರದಿ ಹಾಕ್ಕೊಂಡು ಹೋದ್ರೆ ಅದೇ ಗಾಳಿ ಬಗ್ತದ.

ಈ ಸರದಿಗೆ ಬರಹದ ಕಾನೂನಿಲ್ಲ, ಆದ್ರೆ ಮರ್ಯಾದೆ ಐತಿ. ಹಿಂದೆ ಕುಂತು ಉಂಡು, ಕೊನೇ 200 ಮೀಟರಿನಾಗ ಹಾರಿ ಗೆಲ್ಲೋನಿಗೆ ಪದಕ ಸಿಗಬಹುದು, ಮರುದಿನ ಪ್ರಾಕ್ಟೀಸಿಗೆ ಹೋದ್ರೆ ಯಾರೂ ಬೆನ್ನು ಕೊಡಲ್ಲ. ಮುಂದಿನವನು ಕೈ ಕೆಳಗೆ ಮಾಡಿ ಬೆರಳು ತೋರಿಸಿದ್ರೆ ಅಲ್ಲಿ ತಗ್ಗೈತಿ ಅಂತ ಅರ್ಥ. ಆ ಸನ್ನೆ ಸಾಲಿನ ಕೊನೆಯವರೆಗೂ ಹೋಗಲೇಬೇಕು. ಯುರೋಪಿನ ದೊಡ್ಡ ರೇಸುಗಳಲ್ಲಿ ನಾಯಕನಿಗಾಗಿ ಗಾಳಿ ಸೀಳೋದು, ನೀರಿನ ಬಾಟಲಿ ತಂದುಕೊಡೋದು ಇಂಥಾ ಕೆಲಸಕ್ಕೇ ಸವಾರರು ಇರ್ತಾರೆ. ಫ್ರೆಂಚಿನಲ್ಲಿ ಅವರಿಗೆ ಡೊಮೆಸ್ಟಿಕ್ ಅಂತಾರೆ, ಅಂದ್ರೆ ಮನೆ ಆಳು. ಗೆದ್ದವನ ಫೋಟೋದಾಗ ಅವರು ಇರೋದಿಲ್ಲ. ಅವರಿಲ್ಲದೇ ಗೆದ್ದವನೂ ಇರೋದಿಲ್ಲ.

ನಾನು ಬಿ.ಕಾಂ. ಓದಿದ ಮನುಷ್ಯ, ಲೆಕ್ಕ ಬಿಟ್ಟು ಮಾತಾಡೋಕೆ ಬರಲ್ಲ. ಸ್ವಲ್ಪ ಖರ್ಚಿನ ಪುಸ್ತಕ ತೆಗೆಯೋಣ. 2006-07ರಿಂದ ನಮ್ಮ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ಹಳ್ಳಿ ಹೆಣ್ಣುಮಕ್ಕಳು ಸೈಕಲ್ ಹತ್ತಿದ್ದು ಆಗ ಎಲ್ಲಾರ ಕಣ್ಣಿಗೂ ಬಿತ್ತು. ಆ ಸೈಕಲ್ ಗಟ್ಟಿ, ಭಾರ. ಅಂತರರಾಷ್ಟ್ರೀಯ ರೋಡ್ ರೇಸಿನಲ್ಲಿ ಸೈಕಲ್ ತೂಕ 6.8 ಕಿಲೋಗಿಂತ ಕಡಿಮೆ ಇರಬಾರದು ಅಂತ ನಿಯಮ. ಶಾಲಾ ಸೈಕಲ್ ಅದರ ಎರಡು ಪಟ್ಟಿಗಿಂತ ಹೆಚ್ಚು ತೂಗ್ತದ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗೋ ದಾರಿ ಎಷ್ಟು ದುಬಾರಿ ಅಂದ್ರೆ, ಒಳ್ಳೆ ಕಾರ್ಬನ್ ಸೈಕಲ್ ಲಕ್ಷಗಳ ಮಾತು. ಬಹಳಷ್ಟು ಬಿಡಿಭಾಗ ಹೊರದೇಶದ್ದು. 2023ರ ಕೇಂದ್ರ ಬಜೆಟ್ಟಿನಲ್ಲಿ ಸೈಕಲ್ ಆಮದು ಸುಂಕ ಶೇ 30ರಿಂದ 35ಕ್ಕೆ ಏರಿತು. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳೀತು, ಅಷ್ಟು ಸಮಾಧಾನ. ಟೈರ್, ಟ್ಯೂಬ್, ಚೈನ್, ಶೂಸ್, ಹೆಲ್ಮೆಟ್ ಖರ್ಚು ನಿಲ್ಲೋದೇ ಇಲ್ಲ. ನಮ್ಮ ರಸ್ತೆ ಬದಿ ಜಾಲಿ ಮುಳ್ಳಿಗೆ ಸೈಕಲ್ ರೇಟು ಗೊತ್ತಿಲ್ಲ, ನಲವತ್ತು ಸಾವಿರದ್ದಾದ್ರೂ ಚುಚ್ಚತದ, ನಾಲ್ಕು ಲಕ್ಷದ್ದಾದ್ರೂ ಚುಚ್ಚತದ.

ಹಂಗಾದ್ರೆ ಒಕ್ಕಲುತನದ ಮನೆಯ ಮಗಳು ಹ್ಯಾಂಗ ನಡೆಸ್ತಾಳೆ? ಇಲ್ಲೂ ಸರದಿನೇ. ಹಿರಿಯರು ಬಿಟ್ಟ ಸೈಕಲ್ ಕಿರಿಯರಿಗೆ. ಫ್ರೇಮ್ ಒಬ್ಬರದು, ಗಾಲಿ ಇನ್ನೊಬ್ಬರದು. ರೈಲ್ವೆಯಲ್ಲೋ ಸೇನೆಯಲ್ಲೋ ಕ್ರೀಡಾ ಕೋಟಾದ ನೌಕರಿ ಹಿಡಿದವರು ಊರಿಗೆ ಬಂದಾಗ ಹಳೇ ಶೂಸ್, ಜೆರ್ಸಿ ಕೊಟ್ಟು ಹೋಗ್ತಾರೆ. ಆ ನೌಕರಿ ಅನ್ನೋದು ಈ ಮಕ್ಕಳ ಕಣ್ಣ ಮುಂದಿರೋ ಗುರಿ. ಎಲ್ಲಾರಿಗೂ ಸಿಗೋದಿಲ್ಲ. ಇಪ್ಪತ್ತು-ಇಪ್ಪತ್ತೆರಡರ ಹೊತ್ತಿಗೆ ಕೋಟಾ ದಕ್ಕದಿದ್ದರೆ ಮನೆಯವರು ಸಾಕು ಬಿಡು ಅಂತಾರೆ, ಹುಡುಗಿಯಾದ್ರೆ ಅದಕ್ಕೂ ಮೊದಲೇ ಅಂತಾರೆ. ಪ್ರತಿದಿನ ನಸುಕಿನಾಗ ಎದ್ದು ಇವರು ಪಣಕ್ಕಿಡೋದು ಪೂರಾ ಹದಿಹರೆಯ.

ರೇಸಿನ ಗೊಡವೆ ಇಲ್ಲದ ಇನ್ನೊಂದು ಪಂಗಡವೂ ಐತಿ. ಡಾಕ್ಟರು, ಮಾಸ್ತರು, ಬ್ಯಾಂಕಿನವರು. ಇವರ ಹುಚ್ಚು ಬ್ರೆವೆ. 200 ಕಿ.ಮೀ. ದೂರವನ್ನ ಹದಿಮೂರೂವರೆ ಗಂಟೆಯೊಳಗೆ, 600 ಕಿ.ಮೀ.ಯನ್ನ 40 ಗಂಟೆಯೊಳಗೆ ಮುಗಿಸಬೇಕು. ಮೊದಲು ಬಂದವರಿಗೆ ಬಹುಮಾನವಿಲ್ಲ, ಕೊನೆಗೆ ಬಂದವರಿಗೆ ಅವಮಾನವಿಲ್ಲ. ನಮಗೆ ಹತ್ತಿರದಲ್ಲಿ ಹುಬ್ಬಳ್ಳಿ ಬೈಸಿಕಲ್ ಕ್ಲಬ್‌ನವರು ಇದನ್ನ ನಡೆಸ್ತಾರೆ. ಈ ಪದ್ಧತಿಯ ತವರು ಫ್ರಾನ್ಸ್. ಅಲ್ಲಿ 1891ರಲ್ಲಿ ಶುರುವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಈಗ ನಾಲ್ಕು ವರ್ಷಕ್ಕೊಮ್ಮೆ ನಡೀತದ. 1200 ಕಿ.ಮೀ., ಹೆಚ್ಚೆಂದ್ರೆ 90 ಗಂಟೆ. ರಾತ್ರಿ ದಾರಿಯಲ್ಲಿ ಗುರುತಿಲ್ಲದವನ ಪಂಕ್ಚರ್ ಆದ್ರೂ ನಿಂತು ಟಾರ್ಚ್ ಹಿಡಿಯೋದು ಇವರ ಪೈಕಿ ರೂಢಿ.

ಎರಡೂ ಪಂಗಡ ಒಂದಾಗೋದು ತಿನ್ನೋದರಲ್ಲಿ! ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ ಸುತ್ತಿ ಹುನಗುಂದ ತಾಲ್ಲೂಕಿನ ಅಮೀನಗಡಕ್ಕೆ ಬಂದ್ರೆ ಕರದಂಟು ಕೊಳ್ಳದೇ ಯಾರೂ ಮುಂದೆ ಹೋಗಲ್ಲ. ಪರದೇಶದ ಎನರ್ಜಿ ಬಾರಿನಲ್ಲಿ ಏನಿರ್ತದ? ಸಕ್ಕರೆ, ಒಣಹಣ್ಣು, ಬೀಜ. ಕರದಂಟಿನಲ್ಲಿ ಬೆಲ್ಲ, ಅಂಟು, ಒಣಹಣ್ಣು. ಜೆರ್ಸಿ ಬೆನ್ನಿನ ಜೇಬಿನಾಗ ಚೊಕ್ಕ ಕುಂದ್ರತದ. ಖಂಡೇಪೂಜೆ ದಿನ ಹ್ಯಾಂಡಲ್ಲಿಗೆ ಚೆಂಡು ಹೂವು, ಗಾಲಿಗೆ ನಿಂಬೆಹಣ್ಣು. ಜಾತ್ರೆ ಬಂದ್ರೆ ತೆರಬಂಡಿ, ಕುಸ್ತಿ ಜೊತೆಗೆ ಸೈಕಲ್ ರೇಸು. ಅಲ್ಲಿ ಗೆದ್ದ ರೊಕ್ಕ ಎಷ್ಟೋ ಸಲ ಟೈರಿನ ರೊಕ್ಕ.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ನಾವು, ಅಂದ್ರೆ ಊರಿನ ಮಂದಿ, ಈ ಸಾಲಿನಾಗ ಎಲ್ಲಿದೀವಿ? ಪದಕ ಬಂದ ದಿನ ಬ್ಯಾನರ್ ಹಾಕ್ತೀವಿ, ಹಾರ ಹಾಕ್ತೀವಿ, ಫೋಟೋ ತೆಗೆಸ್ಕೋತೀವಿ. ಸೈಕಲ್ ಭಾಷೆಯಲ್ಲಿ ಹೇಳಬೇಕಂದ್ರೆ ಬೆನ್ನಿಗೆ ಕುಂತೀವಿ, ಸರದಿ ತಗೊಂಡಿಲ್ಲ. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಕುಂಟಿದ್ದು ಈ ಭಾಗದ ಎಲ್ಲಾರಿಗೂ ಗೊತ್ತು. ಟ್ರ್ಯಾಕಿಗೆ ಕಾಯ್ತಾ ಎಷ್ಟೋ ಮಕ್ಕಳು ಡಾಂಬರು ರಸ್ತೆ ಮ್ಯಾಲೇ ಬೆಳೆದ್ರು. ಆ ರಸ್ತೆಗೆ ಕಬ್ಬಿನ ಹಂಗಾಮಿನಾಗ ಏನು ಬರ್ತದ ಅಂತ ನಿಮಗ ನಾನು ಹೇಳಬೇಕಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಟೇಪಿನಾಗ ಹಾಡು ಜೋರು. ಚಳಿಗಾಲದ ನಸುಕು, ಮಂಜು, ಅದರೊಳಗೆ ತಲೆ ತಗ್ಗಿಸಿ ಗಂಟೆಗೆ 35-40ರಾಗ ಬರೋ ಹದಿನೈದರ ಹುಡುಗಿ. ಮುಂದೆ ನಿಂತ ಟ್ರೇಲರ್ ಅವಳಿಗೆ ಕಾಣೋ ಹೊತ್ತಿಗೆ ಬ್ರೇಕಿಗೆ ಜಾಗ ಉಳಿದಿರೋದಿಲ್ಲ.

ಇದಕ್ಕೆ ವೆಲೊಡ್ರೋಮಿನಷ್ಟು ರೊಕ್ಕ ಬೇಕಿಲ್ಲ. ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಹಚ್ಚೋಕೆ ಒಂದು ದಿನದ ಚಾ-ಚೂಡಾದಷ್ಟು ಖರ್ಚು. ಕೆಟ್ಟು ನಿಂತ ಟ್ರೇಲರನ್ನ ರಸ್ತೆ ನಡುವೆ ಬಿಟ್ಟು ಹೋಗದೇ, ಬಿಡಲೇಬೇಕಾದ್ರೆ ಹಿಂದೆ ಕಲ್ಲಿನ ಬದಲು ದೀಪ ಇಡಬೇಕು. ಹೊಲದಿಂದ ಗಾಲಿಗೆ ಅಂಟಿ ಬಂದ ಎರೆಮಣ್ಣು ಡಾಂಬರಿನ ಮ್ಯಾಲೆ ಬಿದ್ರೆ ಸಲಿಕೆ ಹಾಕಿ ತೆಗೀಬೇಕು, ಮಳೆ ಬಿದ್ದಾಗ ಅದರ ಮ್ಯಾಲೆ ಸಣ್ಣ ಟೈರು ನಿಲ್ಲಂಗಿಲ್ಲ. ಕಾರು, ಬೈಕಿನವರು ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು. ಇನ್ನು ಮನೆಯವರಿಗೊಂದು ಮಾತು: ಮಗಳು ಇನ್ನೊಂದು ವರ್ಷ ತುಳೀತೀನಿ ಅಂದ್ರೆ, ಆ ಒಂದು ವರ್ಷದ ಗಾಳಿಗೆ ನೀವು ಎದಿ ಕೊಡ್ರಿ.

ನಾಳೆ ನಸುಕಿನಾಗ ನಿಮ್ಮ ಮುಂದೆ ಆ ಸಾಲು ಹೋದ್ರೆ ಹಾರ್ನ್ ಹೊಡೀಬ್ಯಾಡ್ರಿ, ಬೆದರ್ತಾರೆ. ಸ್ವಲ್ಪ ದೂರ ನಿಧಾನಕ್ಕೆ ಹಿಂದೆ ಹೋಗಿ, ಜಾಗ ಸಿಕ್ಕಾಗ ದಾಟ್ರಿ. ಈ ಸಂಚಿಕೆ ಟ್ರ್ಯಾಕ್ಟರ್ ಇರೋ ಒಬ್ಬ ಗೆಳೆಯನಿಗೆ ಕಳಿಸ್ರಿ, ಅಷ್ಟು ಮಾಡಿದ್ರೆ ಸಾಕು. ಮುಂದಿನ ವಾರ ಸಿಗೋಣ. ಶರಣು.