ಮನೆಬಳಕೆಯ ಹಳೆಯ ವಸ್ತುಗಳೂ ಅವುಗಳ ನಾಮರಕ್ಷಣೆಯೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶಾಸ್ತ್ರವಿಚಾರವನ್ನೂ ಪುರಾಣಪ್ರಸಂಗವನ್ನೂ ಕುರಿತು ವಿಸ್ತಾರವಾಗಿ ಹೇಳಬಲ್ಲ ಮಹನೀಯರು ಈ ಸಭೆಯಲ್ಲಿ ಅನೇಕರಿರುವರು. ನನ್ನ ಪಾಲಿಗೆ ಬಂದಿರುವ ವಿಷಯವಾದರೋ ಅಡುಗೆಯ ಮನೆಯದು, ಕಣದ್ದು, ಕೊಟ್ಟಿಗೆಯದು. ಕೊಳಗ, ಕೂರಿಗೆ, ಹಂಡೆ, ಒರಳು, ಕಡತ, ಅಡಕತ್ತರಿ ಮುಂತಾದ ನಿತ್ಯೋಪಯೋಗಿ ವಸ್ತುಗಳನ್ನು ಊರೂರಿನ ಸಣ್ಣ ಸಂಗ್ರಹಗಳಲ್ಲಿ ಕೂಡಿಡುವ ಕಾರ್ಯವು ಈಗ ಹಲವೆಡೆ ನಡೆಯುತ್ತಿರುವುದಷ್ಟೆ. ಆ ಕಾರ್ಯವು ಸಫಲವಾಗಬೇಕಾದರೆ ವಸ್ತುವಿನೊಡನೆ ಮತ್ತೇನನ್ನು ಉಳಿಸಬೇಕು ಎಂಬುದೇ ನಾನು ಈ ದಿನ ಅರಿಕೆಮಾಡಬೇಕೆಂದಿರುವ ಮಾತು.

ಮೊದಲು ನಮ್ಮ ಊರಿನ ಹೆಸರನ್ನೇ ವಿಚಾರಿಸೋಣ. ತುಮಕೂರೆಂಬ ಹೆಸರು ತುಮುಕಿ ಎಂಬ ಸಣ್ಣ ವಾದ್ಯದಿಂದ ಬಂದಿತೆಂದು ಹೇಳುವ ವಾಡಿಕೆಯುಂಟು. ಗ್ಯಾಸೆಟಿಯರುಗಳಲ್ಲಿಯೂ ಹಾಗೆಯೇ ಬರೆದಿರುವರು. ಈ ಮಾತು ನಿಜವಾದಲ್ಲಿ, ನಾವೆಲ್ಲರೂ ದಿನಕ್ಕೆ ಹತ್ತು ಬಾರಿ ಒಂದು ವಾದ್ಯದ ಹೆಸರನ್ನು ಉಚ್ಚರಿಸುತ್ತಿರುವೆವು. ಆದರೆ ತುಮುಕಿಯನ್ನು ಕಂಡವರು, ಬಾರಿಸಿದವರು ಈ ಸಭೆಯಲ್ಲಿ ಎಷ್ಟು ಮಂದಿ? ಇಲ್ಲಿ ಹೆಸರು ಉಳಿಯಿತು, ವಸ್ತು ಹೋಯಿತು. ಸಣ್ಣ ಸಂಗ್ರಹಾಲಯಗಳಿಗೆ ಹೋಗಿ ನೋಡಿದರೆ ಇದಕ್ಕೆ ವಿಪರೀತವಾದ ಸ್ಥಿತಿಯು ಕಾಣುವುದು. ಅಲ್ಲಿ ವಸ್ತುವಿದೆ, ಮುಂದೆ ಒಂದು ಚೀಟಿಯೂ ಇದೆ; ಚೀಟಿಯಲ್ಲಿ "ಹಳೆಯ ಮರದ ಪಾತ್ರೆ" ಎಂದಿರುತ್ತದೆ. ಯಾವ ಊರಿನದು, ಯಾರ ಮನೆಯದು, ಏನನ್ನು ಅಳೆಯುತ್ತಿತ್ತು, ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದೊಂದೂ ಇರುವುದಿಲ್ಲ. ಹೆಸರಿಲ್ಲದ ವಸ್ತುವೂ ವಸ್ತುವಿಲ್ಲದ ಹೆಸರೂ ಒಂದೇ ಬಗೆಯ ನಷ್ಟವೆಂದು ತಿಳಿಯತಕ್ಕದ್ದು.

ಕೊಳಗವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕವು ನಮ್ಮ ಹಿರಿಯರಿಗೆ ಕರತಲಾಮಲಕವಾಗಿದ್ದಿತು. ಗದ್ದೆಯ ವಿಸ್ತಾರವನ್ನು ಕೂಡ ಅದರಲ್ಲಿ ಬಿತ್ತುವ ಬೀಜದ ಖಂಡುಗದಿಂದಲೇ ಹೇಳುತ್ತಿದ್ದರು. 1956ರ ಕಾನೂನಿನ ಮೇರೆಗೆ 1958ರಿಂದ ಹಂತಹಂತವಾಗಿ ಕಿಲೋಗ್ರಾಮು ಲೀಟರುಗಳು ಬಳಕೆಗೆ ಬಂದ ಮೇಲೆ ಕೊಳಗವು ಅಟ್ಟವನ್ನೇರಿತು. ಅದನ್ನು ಇಳಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಅದರ ಕಥೆಯು ಮುಗಿಯಲಿಲ್ಲ. ಕಣದಲ್ಲಿ ರಾಶಿಯನ್ನು ಅಳೆಯುವವನು ಮೊದಲನೆಯ ಕೊಳಗಕ್ಕೆ "ಒಂದು" ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದನು. ಎಣಿಕೆಯು ಲಾಭ, ಎರಡು, ಮೂರು ಎಂದು ನಡೆಯುತ್ತಿದ್ದಿತು. ಈ ಒಂದು ಮಾತಿನಲ್ಲಿ ರೈತನ ವರ್ಷಪೂರ್ತಿಯ ಹಾರೈಕೆಯು ಅಡಗಿರುವುದು. ಕೊಳಗದ ಬಾಯಿಗೆ ಕಬ್ಬಿಣದ ಪಟ್ಟಿಯನ್ನು ಬಿಗಿಯುತ್ತಿದ್ದುದಕ್ಕೆ ಬಾಳಿಕೆಯೊಂದೇ ಕಾರಣವಲ್ಲ. ಅಂಚನ್ನು ಕೆತ್ತಿ ಅಳತೆಯನ್ನು ಕುಗ್ಗಿಸಬಾರದೆಂಬ ಎಚ್ಚರವೂ ಅದರಲ್ಲಿತ್ತು. ಒಂದೇ ಕೊಳಗವನ್ನು ಗೋಪುರವಾಗಿ ತುಂಬಿಯೂ ಅಳೆಯಬಹುದು, ಬಾಯಿಗೆ ಸಮನಾಗಿ ಒರಸಿಯೂ ಅಳೆಯಬಹುದು. ಸಾಲ ಕೊಡುವಾಗ ಒರಸಿ, ಹಿಂದಕ್ಕೆ ಪಡೆಯುವಾಗ ಗೋಪುರವಾಗಿ ಅಳೆವ ಕೈಗೆ ಸುಳ್ಳು ಕೊಳಗದ ಅವಶ್ಯಕತೆಯೇ ಇಲ್ಲ. ಆದುದರಿಂದ ಕೊಳಗದ ಪಕ್ಕದಲ್ಲಿ ಇದಿಷ್ಟನ್ನೂ ಬರೆದಿಡಬೇಕು. ಇಲ್ಲವಾದಲ್ಲಿ ಅದು ಬರಿಯ ಮರವು.

ಕೊಳಗದಿಂದ ಅಳೆದ ರಾಗಿಯು ಹಗೇವಿಗೆ ಇಳಿಯುತ್ತಿದ್ದಿತು. ಗಟ್ಟಿನೆಲದಲ್ಲಿ ತೋಡಿ, ಒಳಗೆ ಹುಲ್ಲನ್ನು ಹಾಸಿ, ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿದ ಹಗೇವಿನಲ್ಲಿ ರಾಗಿಯು ಹುಳು ಹಿಡಿಯದೆ ಎಷ್ಟೋ ವರ್ಷ ಇರುವುದು. ತೆರೆದ ಕೂಡಲೆ ಯಾರೂ ಇಳಿಯಕೂಡದು. ಒಳಗಿನ ಕೆಟ್ಟ ಗಾಳಿಯು ಪ್ರಾಣಾಂತಿಕವಾದುದು. ಬಾಯಿಯನ್ನು ತೆರೆದಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿರುವುದನ್ನು ಕಂಡ ಬಳಿಕವೇ ಇಳಿಯುತ್ತಿದ್ದರು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಇಂತಹ ಹಗೇವುಗಳು ಬರಿದಾದ ಮೇಲೆ ಆದುದೇನೆಂಬುದನ್ನು ಜನಗಣತಿಯೇ ಹೇಳುವುದು: 1871ರಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಹಗೇವನ್ನು ಎತ್ತಿ ತಂದು ಸಂಗ್ರಹಾಲಯದಲ್ಲಿಡುವುದು ಸಾಧ್ಯವಿಲ್ಲ. ಅದರ ಬಾಯಿಗೆ ಮುಚ್ಚಿದ್ದ ಚಪ್ಪಡಿಯನ್ನು ಇಡಬಹುದು, ಅದನ್ನು ತೆರೆಯುವ ಕ್ರಮವನ್ನು ಬಲ್ಲ ಹಿರಿಯರ ಮಾತನ್ನು ಬರೆದಿಡಬಹುದು.

ಬಿತ್ತನೆಯ ಕೂರಿಗೆಯಾದರೂ ಹಾಗೆಯೇ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನು ಸುತ್ತುತ್ತ ಈ ಕಡೆಗೂ ಬಂದನು. ಗುಬ್ಬಿಯ ಸಂತೆಯನ್ನೂ ವರ್ಣಿಸಿರುವನು. 1807ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ನಮ್ಮ ಬೇಸಾಯದ ಉಪಕರಣಗಳ ಚಿತ್ರಗಳಿವೆ. ಚಿತ್ರದಿಂದ ಆಕಾರವು ತಿಳಿಯುವುದು. ಬೀಜವನ್ನು ಬಟ್ಟಲಿಗೆ ಬಿಡುವ ಕೈಯು ಎಷ್ಟು ಸಡಿಲವಾಗಿರಬೇಕು, ಹಿಂದೆ ಕಟ್ಟಿದ ಸಡ್ಡೆಯಲ್ಲಿ ಅಕ್ಕಡಿಯ ಅವರೆ ತೊಗರಿಗಳನ್ನು ಎಷ್ಟು ದೂರಕ್ಕೊಂದರಂತೆ ಬಿಡಬೇಕು ಎಂಬ ಹದವು ಚಿತ್ರಕ್ಕೆ ಸಿಕ್ಕುವುದಿಲ್ಲ. ಅದು ಬಿತ್ತಿದವರ ಬಾಯಿಯಿಂದಲೇ ಬರಬೇಕು. ಕುಣಿಗಲು ಕೆರೆಯ ಹಾಡನ್ನು ಅರಿಯದ ಕನ್ನಡಿಗನು ವಿರಳ. ಹಾಡು ಉಳಿದಿದೆ, ಸಂತೋಷ. ಆದರೆ ಕೆರೆಯ ನೀರನ್ನು ಪಾಲುಮಾಡಿ ಗದ್ದೆಗಳಿಗೆ ಹರಿಸುತ್ತಿದ್ದ ನೀರಗಂಟಿಯ ಗುದ್ದಲಿಯನ್ನೂ, ಏರಿಗೆ ಮಣ್ಣು ಹೊತ್ತ ಮಂಕರಿಯನ್ನೂ ಕೇಳುವವರಾರು?

ಇನ್ನು ಕಡತದ ವಿಚಾರ. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದುದೇ ಕಡತ. ಬಳಪದಿಂದ ಬರೆದು, ಬೇಡವಾದಾಗ ಒರಸಿ, ಮತ್ತೆ ಬರೆಯಬಹುದು. ಮಾರ್ಕ್ ವಿಲ್ಕ್ಸ್ ಎಂಬಾತನು 1810ರಲ್ಲಿ ಪ್ರಕಟವಾದ ತನ್ನ ಮೈಸೂರಿನ ಚರಿತ್ರೆಯಲ್ಲಿ ಇದನ್ನು ವರ್ಣಿಸಿ, ಉದ್ದವು 12 ರಿಂದ 18 ಅಡಿಗಳೆಂದು ಬರೆದಿರುವನು. ಶಾನುಭೋಗರ ಮನೆಗಳಲ್ಲಿ, ಅಂಗಡಿಗಳಲ್ಲಿ, ಮಠಗಳಲ್ಲಿ ಲೆಕ್ಕವು ಇದರಲ್ಲಿಯೇ ಇರುತ್ತಿದ್ದಿತು. ಕಪ್ಪು ಬಟ್ಟೆಯ ಗಂಟೆಂದು ಕಡತವನ್ನು ಒಗೆದರೆ, ನೀರಿಗೆ ಬಿದ್ದ ಒಂದು ಗಳಿಗೆಯಲ್ಲಿ ನೂರು ವರ್ಷದ ಲೆಕ್ಕವು ತೊಳೆದುಹೋಗುವುದು. ತಾಳೆಗರಿಗಳ ಗತಿಯೂ ಇಂತಹುದೇ ಆಗಬಹುದಾಗಿದ್ದಿತು. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ಓಲೆಯ ಕಟ್ಟುಗಳನ್ನು ಹುಡುಕಿ ತೆಗೆಯದೆ ಹೋಗಿದ್ದಲ್ಲಿ 1923ರಲ್ಲಿ ವಚನಶಾಸ್ತ್ರಸಾರವು ಬೆಳಕನ್ನು ಕಾಣುತ್ತಿರಲಿಲ್ಲ. ಆ ಕಟ್ಟುಗಳು ಅರಮನೆಯ ಭಂಡಾರದಲ್ಲಿದ್ದುವಲ್ಲ. ಸಾಮಾನ್ಯರ ಮನೆಗಳ ಜಗುಲಿಯ ಮೇಲಿದ್ದುವು.

ಮಾತೆಯರೆ, ಈ ಮಾತು ವಿಶೇಷವಾಗಿ ತಮಗೆ ಸಲ್ಲುವುದು. ಮದುವೆಯಲ್ಲಿ ಕೊಟ್ಟ ಹಂಡೆ, ಕೊಡ, ತಂಬಿಗೆಗಳ ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರುಗಳನ್ನು ತಾವು ನೋಡಿರುವಿರಿ. ತುಮಕೂರು ಜಿಲ್ಲೆಯ ಶಿಲಾಶಾಸನಗಳನ್ನು ಲೂಯಿ ರೈಸ್ ಅವರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಹಂಡೆಯ ಮೇಲಿನ ಶಾಸನಗಳಿಗೆ ಅಂತಹ ಸಂಪುಟವಿಲ್ಲ. ಶಿಲಾಶಾಸನದಲ್ಲಿ ಅರಸನ ಹೆಸರಿರುವುದು, ಹೊಲದ ಪತ್ರದಲ್ಲಿ ಗಂಡಸಿನ ಹೆಸರಿರುವುದು. ಮನೆಯ ಅಜ್ಜಿಯ ಹೆಸರು ಎಷ್ಟೋ ಮನೆಗಳಲ್ಲಿ ಆ ಹಂಡೆಯ ಮೇಲೆ ಮಾತ್ರ ಉಳಿದಿರುವುದು. ಹಳೆಯ ತಾಮ್ರ ಹಿತ್ತಾಳೆಗಳನ್ನು ತೂಕಕ್ಕೆ ಹಾಕಿ ಸ್ಟೀಲಿನ ಪಾತ್ರೆಗಳನ್ನು ತರುವಾಗ ಆ ಹೆಸರೂ ಕರಗಿ ನೀರಾಗುವುದು. ಕೊಡಲೇಬೇಕಾದ ಕಷ್ಟವೊದಗಿದರೆ ಕೊಡಿರಿ. ಕೊಡುವ ಮುನ್ನ ಆ ಅಕ್ಷರಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿರಿ.

ಈ ಕಾರ್ಯದಲ್ಲಿ ನಮಗೆ ದಾರಿಯನ್ನು ತೋರಿದವರಿರುವರು. ಮೈಸೂರಿನ ಜಯಲಕ್ಷ್ಮೀವಿಲಾಸದಲ್ಲಿರುವ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಜೀ. ಶಂ. ಪರಮಶಿವಯ್ಯನವರೂ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರೂ ಹಳ್ಳಿಹಳ್ಳಿಗಳನ್ನು ತಿರುಗಿದರು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ 15 ಎಕರೆಯಲ್ಲಿ ಜಾನಪದ ಲೋಕವನ್ನು ಕಟ್ಟಿದರು. 1994ರಲ್ಲಿ ತೆರೆದ ಅದರ ಲೋಕಮಾತಾ ಮಂದಿರದಲ್ಲಿ ಮಡಕೆ, ಮೊರ, ಬೀಸುವ ಕಲ್ಲುಗಳಿಗೇ ಮನ್ನಣೆ. ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದ ತುಕಾರಾಮ ಪೂಜಾರಿಯವರು ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಮನೆಬಳಕೆಯ ವಸ್ತುಗಳನ್ನು ಕೂಡಿಸಿರುವರು. ಅಪಾರವಾದ ಧನವಿಲ್ಲದೆಯೂ ಇದು ಸಾಧ್ಯವೆಂಬುದಕ್ಕೆ ಇಂತಹ ಉದ್ಯಮಗಳೇ ಪ್ರಮಾಣವು.

ಆದರೆ ಇಲ್ಲಿ ಒಂದು ವಿಚಾರವನ್ನು ಮುಚ್ಚಿಡದೆ ಹೇಳಬೇಕಾಗಿದೆ. ಊರಿನ ಸಂಗ್ರಹವೆಂದೊಡನೆ ಬೆಳ್ಳಿಯ ಕರಡಿಗೆ, ಹಿತ್ತಾಳೆಯ ದೀಪ, ಕೆತ್ತನೆಯ ತೊಟ್ಟಿಲು ಇವುಗಳು ಮುಂದೆ ಬರುವುವು. ಉಳ್ಳವರ ಲೋಹವು ಬಾಳುವುದು, ಬಡವರ ಮಣ್ಣು ಬಿದಿರುಗಳು ಬಾಳಲಾರವು. ಮೇದರ ಬುಟ್ಟಿ, ಕುಂಬಾರರ ಗುಡಾಣ, ಕಪಿಲೆಯ ಚರ್ಮದ ಚೀಲವನ್ನು ಹೊಲಿದವರ ಉಳಿ ಇವುಗಳಿಗೆ ಸ್ಥಳವಿಲ್ಲದ ಸಂಗ್ರಹವು ಅರ್ಧ ಊರನ್ನು ಮಾತ್ರ ತೋರಿಸುವುದು; ಅರ್ಧವನ್ನು ಪೂರ್ಣವೆಂದು ತೋರಿಸುವುದು ಅಸತ್ಯವೇ ಸರಿ. ಮಾದಾರ ಚೆನ್ನಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಕುಂಬಾರ ಗುಂಡಯ್ಯ ಎಂದು ಶರಣರನ್ನು ಅವರ ಕಾಯಕದಿಂದಲೇ ಕರೆದ ಪರಂಪರೆಯು ನಮ್ಮದು. ಅವರ ಹೆಸರುಗಳನ್ನು ಪ್ರಾತಃಕಾಲದಲ್ಲಿ ಸ್ಮರಿಸಿ, ಅದೇ ಕಾಯಕದ ಉಪಕರಣಗಳನ್ನು ತಿಪ್ಪೆಗೆಸೆಯುವುದು ಯುಕ್ತವೆ? ಗುಬ್ಬಿಯನ್ನು ನಾಡಿಗೆಲ್ಲ ಪರಿಚಯಿಸಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು 1884ರಲ್ಲಿ ಹುಟ್ಟಿತು. ಗುಬ್ಬಿ ವೀರಣ್ಣನವರ ಭಾವಚಿತ್ರಕ್ಕೆ ಸಲ್ಲುವ ಗೌರವವು ಪರದೆಯನ್ನು ಎಳೆದವರ ಹಗ್ಗಕ್ಕೂ, ಬಣ್ಣ ಬಳಿದವರ ತಟ್ಟೆಗೂ ಸಲ್ಲಬೇಕು.

ಮಠದ ಮತ್ತು ಪೂಜೆಯ ವಸ್ತುಗಳ ವಿಷಯದಲ್ಲಿ ಹೆಚ್ಚಿನ ವಿವೇಕವು ಬೇಕು. ಲಿಂಗೈಕ್ಯರಾದ ಹಿರಿಯರ ಕರಡಿಗೆಯನ್ನೋ ಪಾದುಕೆಯನ್ನೋ ಮನೆಯವರು ಭಕ್ತಿಯಿಂದ ಇಟ್ಟುಕೊಂಡಿರುವಲ್ಲಿ ಅದನ್ನು ಪ್ರದರ್ಶನಕ್ಕಾಗಿ ಕೇಳಕೂಡದು. ಅದರ ವಿವರವನ್ನು ಬರೆದುಕೊಂಡು, ವಸ್ತುವನ್ನು ಅವರಲ್ಲಿಯೇ ಬಿಡುವುದು ಧರ್ಮ. ಅಲ್ಲದೆ 1972ರ ಕಾನೂನಿನಲ್ಲಿ ನೂರು ವರ್ಷಕ್ಕೆ ಮೇಲ್ಪಟ್ಟ ಕಲಾವಸ್ತುಗಳಿಗೂ, ಎಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟ ಬೆಲೆಯುಳ್ಳ ಹಸ್ತಪ್ರತಿಗಳಿಗೂ ಪುರಾವಸ್ತುಗಳೆಂಬ ರಕ್ಷಣೆಯಿದೆ. ಅವುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸಕೂಡದು. ಮನೆಯ ಬಾಗಿಲಿಗೆ ಬಂದು ಹಳೆಯದನ್ನು ಕೊಳ್ಳುವವರೊಡನೆ ವ್ಯವಹರಿಸುವಾಗ ಇದನ್ನು ನೆನೆಯುವುದು ಒಳ್ಳೆಯದು.

ಹಾಗಾದರೆ ನಾವು ಮಾಡತಕ್ಕುದೇನು? ದೊಡ್ಡ ಕಟ್ಟಡವು ಮೊದಲು ಬೇಕಿಲ್ಲ; ಮೊದಲು ಬೇಕಾದುದು ಒಂದು ದಪ್ಪ ಪುಸ್ತಕ. ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ, ಆ ಊರಿನವರು ಕರೆವ ಹೆಸರು, ಕೊಟ್ಟವರ ಗ್ರಾಮ, ಉದ್ದಗಲ, ಏತರಿಂದ ಮಾಡಿದುದು, ಮಾಡಿದವರು ಯಾರು, ಬಳಸಿದವರು ಯಾರು, ಬಳಸುವ ಕ್ರಮವೇನು, ಎಲ್ಲಿ ಒಡೆದು ಎಲ್ಲಿ ಬೆಸೆದರು ಎಂಬುದೆಲ್ಲವನ್ನೂ ಬರೆಯತಕ್ಕದ್ದು. ಒಂದೇ ವಸ್ತುವಿಗೆ ಗುಬ್ಬಿಯ ಕಡೆಯಲ್ಲಿ ಒಂದು ಹೆಸರೂ ಕುಣಿಗಲಿನ ಕಡೆಯಲ್ಲಿ ಇನ್ನೊಂದೂ ಇದ್ದಲ್ಲಿ ಎರಡನ್ನೂ ಬರೆಯಬೇಕು. ಹುಣಿಸೆಹಣ್ಣನ್ನು ಹಚ್ಚಿ ಹಳೆಯ ಹಿತ್ತಾಳೆಯನ್ನು ಥಳಥಳಿಸುವಂತೆ ಉಜ್ಜಬಾರದು. ಹೊಳಪಿನೊಡನೆ ಅಕ್ಷರವೂ ಸವೆಯುವುದು. ಮರಕ್ಕೆ ಹೊಸ ಬಣ್ಣವನ್ನು ಬಳಿಯಬಾರದು, ನೆಲಕ್ಕೆ ತಾಗಿಸಿ ಇಡಬಾರದು, ಗೆದ್ದಲಿಗೆ ಭೇದವಿಲ್ಲ. ಕಬ್ಬಿಣವನ್ನು ತೇವದಿಂದಲೂ, ಓಲೆಯನ್ನೂ ಕಡತವನ್ನೂ ನೀರು ಬಿಸಿಲುಗಳಿಂದಲೂ ಕಾಪಾಡಬೇಕು.

ಪಾಠಶಾಲೆಯ ವಿದ್ಯಾರ್ಥಿಗಳೆ, ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು ಅಟ್ಟದ ಮೇಲಿರುವ ಹತ್ತು ವಸ್ತುಗಳ ಹೆಸರನ್ನು ಕೇಳಿ ಬರೆದು ತನ್ನಿರಿ. ವಸ್ತುವನ್ನು ತರಬೇಕಾಗಿಲ್ಲ. ವಸ್ತುವು ಇನ್ನೂ ಹಲವು ವರ್ಷ ಅಟ್ಟದ ಮೇಲೆ ಕಾಯಬಲ್ಲುದು. ಹೆಸರನ್ನು ಬಲ್ಲ ಹಿರಿಯರು ಅಷ್ಟು ಕಾಲ ಕಾಯಲಾರರು. ನಮ್ಮಲ್ಲಿ ಅವಸರವಿರಬೇಕಾದುದು ಈ ಒಂದು ವಿಷಯದಲ್ಲಿ.