ಹತ್ತಿರದ ಮರ, ದೂರದ ಗುಡ್ಡ

(ಯುವಜನರ ಕೂಟದಲ್ಲಿ ಮಾಡಿದ ಭಾಷಣ)



ಕಾಸರಗೋಡಿನಿಂದ ಮುಳ್ಳೇರಿಯಾದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕುಳಿತವರೆಲ್ಲರೂ ಒಂದು ಸಂಗತಿಯನ್ನು ಕಂಡಿರುತ್ತೀರಿ. ರಸ್ತೆ ಬದಿಯ ಮರ ಸರ್ರನೆ ಹಿಂದಕ್ಕೆ ಓಡುತ್ತದೆ. ಅದರಾಚೆಯ ಕಂಗಿನ ತೋಟ ಮೆಲ್ಲಗೆ ಸರಿಯುತ್ತದೆ. ದೂರದ ಗುಡ್ಡ ಮಾತ್ರ ಕದಲಿದಂತೆಯೇ ಕಾಣುವುದಿಲ್ಲ. ಇದಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯಲು ದೇವರು ನಮ್ಮ ಕಣ್ಣಿಗೆ ಕೊಟ್ಟಿರುವ ಉಪಾಯಗಳಲ್ಲಿ ಇದೂ ಒಂದು.

ಚಪ್ಪಟೆಯಾದ ಪರದೆಯ ಮೇಲೆ ಇದನ್ನು ತೋರಿಸುವ ಕಲೆ ಹೊಸದಲ್ಲ. 1937ರಲ್ಲಿ ವಾಲ್ಟ್ ಡಿಸ್ನಿಯವರ ಸಂಸ್ಥೆಯವರು ಗಾಜಿನ ಹಲಗೆಗಳ ಮೇಲೆ ಚಿತ್ರ ಬರೆದು, ಒಂದರ ಕೆಳಗೆ ಒಂದನ್ನಿಟ್ಟು, ಬೇರೆ ಬೇರೆ ಅಳತೆಯಲ್ಲಿ ಸರಿಸುತ್ತ ಚಲನಚಿತ್ರ ತೆಗೆದರು. 2011ರ ಸುಮಾರಿಗೆ ಇದೇ ಕೈಚಳಕ ವೆಬ್‌ಸೈಟುಗಳಿಗೂ ಬಂದಿತು. ಬೆರಳಿನಿಂದ ಪುಟವನ್ನು ಮೇಲಕ್ಕೆ ಸರಿಸಿದರೆ ಅಕ್ಷರ ಬೇಗ ಹೋಗುತ್ತದೆ, ಹಿಂದಿನ ಚಿತ್ರ ನಿಧಾನವಾಗಿ ಹೋಗುತ್ತದೆ.

ನಮ್ಮ ಎಸ್ಟೇಟಿನ ಮಕ್ಕಳು ಇದನ್ನು ಕಲಿಯಬಲ್ಲರೇ? ಖಂಡಿತವಾಗಿ ಬಲ್ಲರು. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಲಿಟ್ಲ್ ಕೈಟ್ಸ್ ಕೂಟಗಳಲ್ಲಿ ಅನಿಮೇಷನ್, ಪ್ರೋಗ್ರಾಮಿಂಗ್ ಕಲಿಸುತ್ತಾರೆ. ಇದಕ್ಕೆ ಬೇಕಾದ ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬವರು ರಚಿಸಿದರು. ಅದನ್ನು ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. ಫೋನಿನ ಬ್ರೌಸರಿನಲ್ಲೇ ಅದು ಇದೆ.

ಕೆಲಸ ನಡೆಯುವ ಬಗೆ ಹೀಗೆ. ಪುಟದಲ್ಲಿ ಮೂರು ಪದರ ಇಡಿರಿ: ಹಿಂದೆ ಗುಡ್ಡ, ನಡುವೆ ಮರಗಳು, ಮುಂದೆ ಅಕ್ಷರ. ಪುಟ ಎಷ್ಟು ಸರಿಯಿತು ಎಂಬುದನ್ನು 'ಸ್ಕ್ರಾಲ್‌ವೈ' ಎಂಬ ಲೆಕ್ಕ ತಿಳಿಸುತ್ತದೆ. ಅದು 100 ಚುಕ್ಕೆ ಎಂದಿರಲಿ. ಅಕ್ಷರ 100 ಚುಕ್ಕೆಯೂ ಮೇಲೆ ಹೋಗಲಿ. ಮರಗಳನ್ನು ಪ್ರೋಗ್ರಾಮು 40 ಚುಕ್ಕೆ ಕೆಳಕ್ಕೆ ತಳ್ಳಿದರೆ ಅವು ಮೇಲೆ ಹೋದದ್ದು 60 ಮಾತ್ರ. ಗುಡ್ಡವನ್ನು 80 ಕೆಳಕ್ಕೆ ತಳ್ಳಿದರೆ ಅದು ಹೋದದ್ದು 20. ಇಷ್ಟೇ ಗುಟ್ಟು, ಗುಣಾಕಾರ ಬಲ್ಲವರಿಗೆ ಸಾಕು. ಹೀಗೆ ತಳ್ಳಲು 'ಟ್ರಾನ್ಸ್‌ಫಾರ್ಮ್' ಎಂಬ ಆಜ್ಞೆಯನ್ನು ಉಪಯೋಗಿಸಿದರೆ ಫೋನು ಇಡೀ ಪುಟವನ್ನು ಮತ್ತೆ ಜೋಡಿಸಬೇಕಾಗುವುದಿಲ್ಲ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸುತ್ತದೆ. 'ರಿಕ್ವೆಸ್ಟ್ ಅನಿಮೇಷನ್ ಫ್ರೇಮ್' ಎಂಬ ಆಜ್ಞೆಯಿಂದ ನಮ್ಮ ಲೆಕ್ಕವೂ ಅದೇ ತಾಳಕ್ಕೆ ಹೊಂದಿಕೊಳ್ಳುತ್ತದೆ.

ಆದರೆ ಪ್ರಿಯರೇ, ಮಾಡಲು ಬರುತ್ತದೆ ಎಂದ ಮಾತ್ರಕ್ಕೆ ಎಲ್ಲ ಕಡೆಯೂ ಮಾಡಬೇಕೇ?

ತಿರುವಿನ ರಸ್ತೆಯಲ್ಲಿ ಬಸ್ಸು ಹತ್ತುವಾಗ ಕೆಲವರಿಗೆ ತಲೆ ಸುತ್ತಿ ವಾಂತಿ ಬರುವುದುಂಟು. ಕಣ್ಣು ಹೇಳುವುದೊಂದು, ಒಳಗಿವಿ ಹೇಳುವುದು ಇನ್ನೊಂದು. ಈ ಜಗಳವೇ ಕಾರಣ. ಚಲಿಸುವ ಪರದೆಯೂ ಹೀಗೆಯೇ ಮಾಡುತ್ತದೆ. 2013ರಲ್ಲಿ ಐಫೋನಿನಲ್ಲಿ ಈ ಚಲನೆ ಬಂದಾಗ ಎಷ್ಟೋ ಜನ ತಲೆಸುತ್ತು ಎಂದು ದೂರಿದರು. ಈಗ ಫೋನುಗಳಲ್ಲಿ ಚಲನೆ ಕಡಿಮೆ ಮಾಡುವ ಗುಂಡಿ ಇರುತ್ತದೆ. ಅದನ್ನು ಒತ್ತಿದವರ ಮಾತನ್ನು ನಮ್ಮ ಪುಟವೂ ಕೇಳಬೇಕು. 'ಪ್ರಿಫರ್ಸ್ ರೆಡ್ಯೂಸ್ಡ್ ಮೋಷನ್' ಎಂಬ ಒಂದು ಪ್ರಶ್ನೆಯನ್ನು ಪ್ರೋಗ್ರಾಮಿನ ಮೊದಲಲ್ಲೇ ಕೇಳಿ, ಹೌದು ಎಂಬ ಉತ್ತರ ಬಂದರೆ ಚಿತ್ರಗಳನ್ನು ಸುಮ್ಮನೆ ನಿಲ್ಲಿಸಿಬಿಡಬೇಕು.

ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದರ ನೋವನ್ನು ಹೊತ್ತ ಮನೆಗಳು ನಮ್ಮ ನಡುವೆಯೇ ಇವೆ. ಅಂಥ ಮನೆಯ ತಾಯಿಯೊಬ್ಬಳು ಮಗುವನ್ನು ಮಡಿಲಲ್ಲಿಟ್ಟುಕೊಂಡು, ಹಳೆಯ ಫೋನಿನಲ್ಲಿ, ಗುಡ್ಡದ ಮರೆಯ ದುರ್ಬಲ ಸಿಗ್ನಲಿನಲ್ಲಿ ವೈದ್ಯಕೀಯ ಶಿಬಿರದ ತಾರೀಕನ್ನು ಹುಡುಕುತ್ತಾಳೆ ಎಂದು ಯೋಚಿಸಿರಿ. ದೊಡ್ಡ ದೊಡ್ಡ ಚಿತ್ರಗಳು ಇಳಿಯುವಷ್ಟರಲ್ಲಿ ಅವಳ ಡೇಟಾ ಮುಗಿದರೆ, ತಾರೀಕು ಚಲಿಸುವ ಮರದ ಹಿಂದೆ ಅಡಗಿದರೆ, ನಮ್ಮ ಜಾಣತನದಿಂದ ಅವಳಿಗೇನು ಪ್ರಯೋಜನ? ಕುರುಡನ ದಾರಿಯಲ್ಲಿ ಎಡವುವ ಕಲ್ಲನ್ನಿಡಬಾರದೆಂಬ ಆಜ್ಞೆ ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆ. ಆ ಕಲ್ಲು ಇಂದು ಪರದೆಯ ಮೇಲೆಯೂ ಇರಬಹುದು.

ಆದುದರಿಂದ ಯುವಜನರೇ, ಈ ವಿದ್ಯೆಯನ್ನು ಚೆನ್ನಾಗಿ ಕಲಿಯಿರಿ. ಅದರಿಂದ ಅನ್ನ ಸಂಪಾದಿಸಿರಿ. ಹಬ್ಬದ ಪುಟಕ್ಕೆ, ಊರಿನ ಕಥೆಗೆ ಗುಡ್ಡ ಮರಗಳನ್ನು ಚಲಿಸಿರಿ, ಮಕ್ಕಳು ಸಂತೋಷಪಡಲಿ. ಆದರೆ ಕೂಲಿ, ಔಷಧ, ಅರ್ಜಿ, ತಾರೀಕು ಇವುಗಳನ್ನು ಅಲುಗದ ಪದರದಲ್ಲಿ, ದಪ್ಪ ಕನ್ನಡ ಅಕ್ಷರದಲ್ಲಿ, ಪುಟದ ಮೇಲ್ಗಡೆಯೇ ಇಡಿರಿ. ಪುಟ ಸಿದ್ಧವಾದ ಮೇಲೆ ಸಾಲುಮನೆಯ ಅತ್ಯಂತ ಹಳೆಯ ಫೋನಿನಲ್ಲಿ, ಅತ್ಯಂತ ಹಿರಿಯರ ಕೈಯಲ್ಲಿ ಕೊಟ್ಟು ನೋಡಿರಿ. ಅವರು ಓದಿದರೆಂದರೆ ನಿಮ್ಮ ಕೆಲಸ ಸಾರ್ಥಕವಾಯಿತು.

ಕರ್ತನು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ. ಆಮೆನ್.