ಹೆಣ್ಣಿನ ಅಭಿಮಾನ
(ಸಂಘದ ಮಹಿಳಾ ಶಾಖೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದರು. ರಾಜ್ಯೋತ್ಸವದ ಸಮಯದಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ವಾಡಿಕೆಯನ್ನು ಬಿಟ್ಟು ನಾನು ಇಂದು ಒಂದು ಇಂಗ್ಲಿಷ್ ಕಾದಂಬರಿಯನ್ನು ಕೈಗೆತ್ತಿಕೊಂಡಿದ್ದೇನೆ. ಅದಕ್ಕೆ ಕಾರಣವನ್ನು ಮೊದಲೇ ಅರಿಕೆ ಮಾಡಿಬಿಡುತ್ತೇನೆ.

ಹೊರನಾಡಿನಲ್ಲಿರುವ ನಾವು ನಾಲ್ಕು ಜನ ಸೇರಿದೆಡೆ ಮಕ್ಕಳ ಮದುವೆಯ ಮಾತು ಬಾರದೆ ಇರುವುದಿಲ್ಲ. "ನಮ್ಮ ಕಡೆಯ ಒಳ್ಳೆಯ ವರ ಯಾರಾದರೂ ಇದ್ದರೆ ಹೇಳಿ" ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಗಂಡು ಹತ್ತು ಕಡೆ ಹೆಣ್ಣು ನೋಡಿ ಬೇಡವೆಂದರೆ, "ಇನ್ನೂ ನೋಡುತ್ತಿದ್ದಾನೆ" ಎನ್ನುತ್ತೇವೆ. ಹೆಣ್ಣು ಇಬ್ಬರನ್ನು ಬೇಡವೆಂದರೆ ಸಾಕು, "ಅವಳಿಗೆ ಎಷ್ಟು ಜಂಬ ನೋಡಿ!" ಎನ್ನುತ್ತೇವೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಎಲಿಜಬೆತ್ ಬೆನೆಟ್ ಎಂಬ ಹುಡುಗಿಯ ನೆನಪಾಗುತ್ತದೆ. ಅವಳೂ ಇಬ್ಬರನ್ನು ಬೇಡವೆಂದವಳೇ.

ಅವಳ ಕಥೆ 'ಪ್ರೈಡ್ ಅಂಡ್ ಪ್ರೆಜುಡಿಸ್' ಎಂಬ ಕಾದಂಬರಿ. ತಮ್ಮಲ್ಲಿ ಕೆಲವರು ಕಾಲೇಜಿನಲ್ಲಿ ಓದಿರಬಹುದು. ಬರೆದವಳು ಜೇನ್ ಆಸ್ಟೆನ್, ಅಚ್ಚಾದದ್ದು 1813ರಲ್ಲಿ. ಇದರಲ್ಲಿ ಯುದ್ಧವಿಲ್ಲ, ಕೊಲೆಯಿಲ್ಲ. ಹಳ್ಳಿಗಾಡಿನ ಒಂದು ಮನೆ, ಮನೆ ತುಂಬ ಐದು ಹೆಣ್ಣುಮಕ್ಕಳು, ಅವರ ಮದುವೆಯ ಚಿಂತೆಯಲ್ಲೇ ಬೇಯುವ ತಾಯಿ, ಪುಸ್ತಕದ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವ ತಂದೆ. ಇದು ನಮ್ಮ ಮನೆಯ ಕಥೆಯೇ ಎಂದು ತಮಗೆ ತೋರಿದರೆ ಆಶ್ಚರ್ಯವಿಲ್ಲ.

ಆ ತಾಯಿಯನ್ನು ಕಂಡು ಓದುಗರು ನಗುತ್ತಾರೆ. ಆದರೆ ಅವಳ ಚಿಂತೆ ನಗುವಂಥದಲ್ಲ. ಮನೆಗೆ ವರ್ಷಕ್ಕೆ 2,000 ಪೌಂಡು ವರಮಾನವಿದೆ. ಜಮೀನು ಮಾತ್ರ ಗಂಡುಸಂತತಿಗೇ ಸೇರತಕ್ಕದ್ದೆಂದು ಹಿಂದಿನವರು ಕಟ್ಟು ಮಾಡಿಟ್ಟ ಆಸ್ತಿ. ಯಜಮಾನ ಕಣ್ಣು ಮುಚ್ಚಿದ ದಿನ ಅದು ಕಾಲಿನ್ಸ್ ಎಂಬ ದೂರದ ದಾಯಾದಿಗೆ ಹೋಗುತ್ತದೆ. ಎಲಿಜಬೆತ್‌ಳ ಪಾಲಿಗೆ, ಅದೂ ತಾಯಿಯ ಕಾಲಾನಂತರ, ಬರುವುದು 1,000 ಪೌಂಡು. ನೂರಕ್ಕೆ 4ರ ಬಡ್ಡಿಯಂತೆ ವರ್ಷಕ್ಕೆ 40 ಪೌಂಡು. ಮನೆತನದ ಹೆಣ್ಣುಮಕ್ಕಳಿಗೆ ಆ ಕಾಲದಲ್ಲಿ ಗೌರವದ ಉದ್ಯೋಗವೂ ಇರಲಿಲ್ಲ. ಮದುವೆಯೇ ಅವರ ಅನ್ನದ ದಾರಿ.

ಹೀಗಿರುವಾಗ ಆ ಕಾಲಿನ್ಸನೇ ವರನಾಗಿ ಬರುತ್ತಾನೆ. ಪಾದ್ರಿಯ ಉದ್ಯೋಗವಿದೆ, ವಾಸಕ್ಕೆ ಮನೆಯಿದೆ, ನಾಳೆ ಈ ಮನೆಯೂ ಅವನದೇ. ಎಲಿಜಬೆತ್ ಬೇಡವೆನ್ನುತ್ತಾಳೆ. ಆಗ ನಡೆಯುವುದೇ ಈ ಪುಸ್ತಕದ ಬಹು ದೊಡ್ಡ ವಿನೋದ, ಬಹು ದೊಡ್ಡ ವಿಷಾದವೂ ಹೌದು. ಅವಳ 'ಬೇಡ' ಅವನ ಕಿವಿಗೆ ಹೋಗುವುದೇ ಇಲ್ಲ! ಮರ್ಯಾದಸ್ಥ ಹೆಣ್ಣುಗಳು ಮೊದಲು ಬೇಡವೆನ್ನುವುದು ನಾಚಿಕೆಯ ಒಂದು ರೀತಿ, ಒಳಗೆ ಒಪ್ಪಿಗೆಯಿದ್ದೇ ಇರುತ್ತದೆ ಎಂದು ಅವನು ಅವಳಿಗೇ ತಿಳಿಸಿ ಹೇಳುತ್ತಾನೆ. ತಾನು ಬುದ್ಧಿಯುಳ್ಳ ಮನುಷ್ಯಳು, ಮನಸ್ಸಿನಲ್ಲಿದ್ದುದನ್ನೇ ಆಡುತ್ತಿದ್ದೇನೆ ಎಂದು ಅವಳು ಎಷ್ಟು ಸಲ ಹೇಳಬೇಕಾಯಿತು!

ತಾಯಿ ಹಾರಾಡಿದಳು. ತಂದೆ ಮಗಳ ಪಕ್ಷ ವಹಿಸಿದ. ಹೆಣ್ಣುಮಕ್ಕಳಿಗೆಂದು ಹಣ ಕೂಡಿಡದ ಅಲಕ್ಷ್ಯದ ತಂದೆ ಅವನು. ಆದರೆ ಆ ಒಂದು ಗಳಿಗೆಯಲ್ಲಿ ಮಗಳ ಬೆನ್ನಿಗೆ ನಿಂತ. ಅಷ್ಟರ ಮಟ್ಟಿಗೆ ಅವನ ಋಣ ತೀರಿತೆನ್ನಬೇಕು.

ಮೂರು ದಿನದೊಳಗೆ ಅದೇ ಕಾಲಿನ್ಸನನ್ನು ಎಲಿಜಬೆತ್‌ಳ ಗೆಳತಿ ಷಾರ್ಲಟ್ ಒಪ್ಪಿಕೊಳ್ಳುತ್ತಾಳೆ. ಅವಳಿಗೆ 27 ವರ್ಷ, ರೂಪವಿಲ್ಲ, ಹಣವಿಲ್ಲ. ಗಂಡನ ಮೇಲೆ ಪ್ರೀತಿಯಿಲ್ಲದಿದ್ದರೂ ತನ್ನದೆಂಬ ಒಂದು ಒಲೆ, ಒಂದು ಬಾಗಿಲು ಬೇಕೆಂದು ಬಯಸಿದಳು. ಅಭಿಮಾನವಿಲ್ಲದವಳೆಂದು ಅವಳನ್ನು ಹಳಿಯಲು ನನಗೆ ಮನಸ್ಸು ಬಾರದು. ಅವಳಿಗೂ ಅಭಿಮಾನವಿತ್ತು, ಅದನ್ನು ಉಳಿಸಿಕೊಳ್ಳುವ ಅನುಕೂಲವಿರಲಿಲ್ಲ. ಹೆಣ್ಣಿಗೆ ಆಸ್ತಿಯೂ ಸಂಪಾದನೆಯೂ ಇಲ್ಲದ ಕಡೆ ಅಭಿಮಾನ ಬಹಳ ತುಟ್ಟಿಯಾದ ವಸ್ತು.

ಎರಡನೆಯ ವರ ಡಾರ್ಸಿ. ವರ್ಷಕ್ಕೆ 10,000 ಪೌಂಡಿನ ಶ್ರೀಮಂತ. ಅವನು ಅವಳನ್ನು ನಿಜವಾಗಿ ಪ್ರೀತಿಸುತ್ತಾನೆ. ಆದರೆ ಆ ಪ್ರೀತಿಯನ್ನು ತಿಳಿಸುವಾಗ ಅವಳ ಮನೆತನ ಎಷ್ಟು ಕೀಳು, ಅವಳನ್ನು ಬಯಸುವುದರಿಂದ ತನಗೆಷ್ಟು ಕುಂದು ಎಂಬುದನ್ನೂ ವಿಸ್ತಾರವಾಗಿ ಹೇಳುತ್ತಾನೆ. ಒಪ್ಪುತ್ತಾಳೆಂಬುದರಲ್ಲಿ ಅವನಿಗೆ ಸಂದೇಹವೇ ಇಲ್ಲ. ಅವಳು ಅವನನ್ನೂ ನಿರಾಕರಿಸಿದಳು.

ಇಲ್ಲಿ ನಮ್ಮ ಭಾಷೆಯ ಒಂದು ಭಾಗ್ಯವನ್ನು ಗಮನಿಸಬೇಕು. ಇಂಗ್ಲಿಷರ 'ಪ್ರೈಡ್' ಎಂಬ ಒಂದು ಮಾತಿನಲ್ಲಿ ಅಡಗಿರುವುದನ್ನು ನಾವು ಬೇರೆ ಬೇರೆಯಾಗಿ ಹೇಳಬಲ್ಲೆವು. ಜಂಬ ಬೇರೆ, ಅಹಂಕಾರ ಬೇರೆ, ಅಭಿಮಾನ ಬೇರೆ. ಡಾರ್ಸಿ ಮದುವೆಯ ಮಾತಿಗೆ ತಂದದ್ದು ಅಹಂಕಾರ; ಎಲಿಜಬೆತ್ ಕೊಟ್ಟ ಉತ್ತರ ಅಭಿಮಾನದ್ದು. ಅಹಂಕಾರಕ್ಕೆ ತನಗಿಂತ ಕೆಳಗೊಬ್ಬರು ಬೇಕು. ಅಭಿಮಾನಕ್ಕೆ ತಾನು ನಿಲ್ಲುವಷ್ಟು ನೆಲ ಸಾಕು.

ಆದರೆ ಕಥೆಗಾರ್ತಿ ತನ್ನ ನಾಯಕಿಯನ್ನೂ ಸುಮ್ಮನೆ ಬಿಡಲಿಲ್ಲ. ಮೊದಲ ಭೇಟಿಯಲ್ಲಿ ತನ್ನ ರೂಪವನ್ನು ಅಲ್ಲಗಳೆದ ಡಾರ್ಸಿಯ ವಿಷಯದಲ್ಲಿ ಕೆಟ್ಟದ್ದನ್ನೆಲ್ಲ ನಂಬಿದಳು. ಸವಿಮಾತಾಡಿದ ವಿಕ್‌ಹ್ಯಾಮ್ ಎಂಬ ಠಕ್ಕನ ಮಾತನ್ನು ವಿಚಾರಿಸದೆ ಒಪ್ಪಿದಳು. ಡಾರ್ಸಿಯ ಕಾಗದ ಓದಿದಾಗ ತನ್ನ ತಪ್ಪು ತನಗೇ ಕಂಡು ನಾಚಿದಳು. ವಿವೇಕದ ಕಾವಲಿಲ್ಲದಿದ್ದರೆ ಅಭಿಮಾನವೂ ಹಟವಾಗುತ್ತದೆ.

ಡಾರ್ಸಿಯೂ ಬದಲಾದ. ಅವಳ ತಂಗಿ ವಿಕ್‌ಹ್ಯಾಮ್‌ನೊಡನೆ ಓಡಿಹೋಗಿ ಮನೆಯ ಮಾನ ಹೋಗುವಂತಾದಾಗ ತನ್ನ ಹಣ ಸುರಿದು ಮದುವೆ ಮಾಡಿಸಿದ, ಯಾರಿಗೂ ಹೇಳಿಕೊಳ್ಳಲಿಲ್ಲ. ಎರಡನೆಯ ಸಲ ಕೇಳುವಾಗ, ಮನಸ್ಸು ಹಿಂದಿನಂತೆಯೇ ಇದ್ದರೆ ಒಂದು ಮಾತು ಹೇಳಿದರೆ ಸಾಕು, ಮತ್ತೆಂದೂ ಈ ವಿಷಯ ಎತ್ತುವುದಿಲ್ಲವೆಂದ. ಕಾಲಿನ್ಸನಿಗೆ ಕೊನೆಯವರೆಗೂ ಬಾರದ ವಿದ್ಯೆ ಇದು. ಹೆಣ್ಣಿನ 'ಬೇಡ'ವನ್ನು ಬೇಡವೆಂದೇ ಕೇಳುವುದನ್ನು ಡಾರ್ಸಿ ಕಲಿತ. ಅದಾದ ಮೇಲೆಯೇ ಅವಳ ಒಪ್ಪಿಗೆಗೆ ಬೆಲೆ ಬಂತು. ಬೇಡವೆನ್ನಲಾರದವಳ ಒಪ್ಪಿಗೆ ಒಪ್ಪಿಗೆಯಾದೀತೆ?

ಕಾದಂಬರಿಯಲ್ಲಿ ಎಲಿಜಬೆತ್‌ಳಿಗೆ ಡಾರ್ಸಿ ಸಿಕ್ಕ. ಬರೆದವಳಿಗೆ? 1802ರ ಡಿಸೆಂಬರಿನಲ್ಲಿ ಜೇನ್ ಆಸ್ಟೆನ್‌ಳನ್ನು ಆಸ್ತಿವಂತರ ಮನೆಯ ಒಬ್ಬ ತರುಣ ಮದುವೆಗೆ ಕೇಳಿದ. ಸಂಜೆ ಒಪ್ಪಿದಳು, ಬೆಳಗಾಗುವುದರಲ್ಲಿ ಮನಸ್ಸು ಒಪ್ಪದೆ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಮತ್ತೆ ಮದುವೆಯಾಗಲಿಲ್ಲ. ಈ ಕಾದಂಬರಿಯ ಹಕ್ಕನ್ನು 110 ಪೌಂಡಿಗೆ ಮಾರಿದಳು. ಪುಸ್ತಕದ ಮೇಲೆ ಅವಳ ಹೆಸರೂ ಅಚ್ಚಾಗಲಿಲ್ಲ. 1817ರಲ್ಲಿ, 41ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಭಿಮಾನದ ಬೆಲೆಯನ್ನು ಅವಳು ಕೈಯಿಂದ ಕೊಟ್ಟು ತಿಳಿದವಳು.

ನಮ್ಮಲ್ಲಿ ಕಾನೂನು ಬಹು ಮಟ್ಟಿಗೆ ಮುಂದೆ ಬಂದಿದೆ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಶಾಸನ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಹಕ್ಕು ಕೊಟ್ಟಿತು. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗನ ಸಮಕ್ಕೆ ನಿಲ್ಲಿಸಿತು. ನಮ್ಮ ಹೆಣ್ಣುಮಕ್ಕಳು ಓದುತ್ತಾರೆ, ದುಡಿಯುತ್ತಾರೆ. ಷಾರ್ಲಟ್‌ಳ ಕಷ್ಟ ಅವರಲ್ಲಿ ಅನೇಕರಿಗೆ ಇಲ್ಲ. ಇನ್ನೂ ಉಳಿದಿರುವುದು ನಮ್ಮ ನಾಲಗೆಯ ಮೇಲಿನ ಆ ಒಂದು ಮಾತು: ಜಂಬ.

ರಾಜ್ಯೋತ್ಸವದಲ್ಲಿ ನಾವೆಲ್ಲ ಕನ್ನಡಾಭಿಮಾನದ ಮಾತನ್ನಾಡುತ್ತೇವೆ. ಪರಭಾಷೆಯ ಊರಿನಲ್ಲಿದ್ದುಕೊಂಡು, ಇತರರ ನುಡಿಯನ್ನು ಹಳಿಯದೆ ನಮ್ಮ ನುಡಿಯನ್ನು ಬಿಟ್ಟುಕೊಡದಿರುವುದೇ ಆ ಅಭಿಮಾನವೆಂದು ತಿಳಿದಿದ್ದೇವೆ. ಅದನ್ನು ಯಾರಾದರೂ ಜಂಬವೆಂದರೆ ನಮಗೆ ನೋವಾಗುತ್ತದೆ. ನುಡಿಯ ವಿಷಯದಲ್ಲಿ ಇಷ್ಟು ಚೆನ್ನಾಗಿ ಬಲ್ಲ ಈ ಭೇದವನ್ನು ಮನೆಯ ಮಗಳ ವಿಷಯದಲ್ಲಿ ಮರೆಯದಿರೋಣ. ನಾಳೆ ಅವಳು "ಬೇಡಮ್ಮ" ಎಂದರೆ, ಏಕೆಂದು ಕೇಳುವ ಹಕ್ಕು ತಾಯಿತಂದೆಯರಿಗೆ ಇದ್ದೇ ಇದೆ. ಕೇಳಿದ ಮೇಲೆ ಅವಳ ಉತ್ತರವನ್ನು ಕಿವಿಗೊಟ್ಟು ಕೇಳುವುದೂ ಅವರದೇ ಕರ್ತವ್ಯ.